ಎಲುಬಿಲ್ಲದ ಗೋಡೆ



ಮಿದುಳಿಗೆ ತಲೆಬುರುಡೆಯಿದೆ, ಹೃದಯಕ್ಕೆ ಪಕ್ಕೆಲುಬಿನ ಕಾವಲಿದೆ. ಹೊಟ್ಟೆಗೆ? ಮುಂಭಾಗದಲ್ಲಿ ಒಂದೇ ಒಂದು ಎಲುಬೂ ಇಲ್ಲ. ಅಷ್ಟುದ್ದದ ಕರುಳನ್ನು ಹಿಡಿದಿಟ್ಟಿರುವುದು ಬರೀ ಸ್ನಾಯು. ನಡುವೆ ಮೇಲಿಂದ ಕೆಳಕ್ಕಿಳಿಯುವ ಎರಡು ನೇರ ಪಟ್ಟಿಗಳು. ಸಿನಿಮಾ ನಾಯಕರು ಅಂಗಿ ಬಿಚ್ಚಿ ತೋರಿಸುವ ಸಿಕ್ಸ್ ಪ್ಯಾಕ್ ಇವೇ. ಪಕ್ಕಗಳಲ್ಲಿ ಒಂದರ ಕೆಳಗೊಂದು ಮೂರು ಪದರ. ಹೊರಪದರದ ಎಳೆಗಳು ಜೇಬಿಗೆ ಕೈ ಇಳಿಬಿಟ್ಟಾಗ ಬೆರಳು ಹೋಗುವ ದಿಕ್ಕಿಗೆ ಓರೆಯಾಗಿ ಇಳಿಯುತ್ತವೆ. ನಡುವಿನ ಪದರದ್ದು ಅದಕ್ಕೆ ಅಡ್ಡಹಾಯುವ ಓರೆ. ತೀರಾ ಒಳಗಿನದು ಸೊಂಟಪಟ್ಟಿಯ ಹಾಗೆ ಅಡ್ಡಡ್ಡ ಸುತ್ತಿಕೊಂಡಿದೆ. ಕೆಮ್ಮು, ಸೀನು, ವಾಂತಿ, ಹೆರಿಗೆಯಲ್ಲಿ ತಿಣುಕುವುದು, ಈಗ ನಾನು ಮಾತಾಡುತ್ತಿರುವುದು, ಎಲ್ಲದರಲ್ಲೂ ಇವುಗಳ ಕೈವಾಡವಿದೆ.

ಇದನ್ನೆಲ್ಲ ತಿಳಿದುಕೊಳ್ಳಲು ಮನುಷ್ಯರು ಪಟ್ಟ ಪಾಡೇ ಒಂದು ಕಥೆ. ಗ್ರೀಕ್ ವೈದ್ಯ ಗೇಲನ್ ಕೊಯ್ದು ನೋಡಿದ್ದು ಕೋತಿಯಂಥ ಪ್ರಾಣಿಗಳನ್ನು. ಬರೆದದ್ದನ್ನು ಮಾತ್ರ ಜಗತ್ತು ಮನುಷ್ಯನ ದೇಹವೆಂದೇ ಸಾವಿರ ವರ್ಷಕ್ಕೂ ಹೆಚ್ಚು ಓದಿತು! ಕೋತಿಯ ನೇರ ಸ್ನಾಯು ಎದೆಯ ಮೇಲಿನ ಪಕ್ಕೆಲುಬಿನವರೆಗೂ ಏರುತ್ತದೆ. ನಮ್ಮದು ಐದನೆಯದರ ಹತ್ತಿರವೇ ನಿಂತುಬಿಡುತ್ತದೆ. 1543ರಲ್ಲಿ ಇಟಲಿಯ ಪದುವಾದ ಪ್ರಾಧ್ಯಾಪಕ ವೆಸೇಲಿಯಸ್ ತನ್ನ ಮಹಾಗ್ರಂಥ ಅಚ್ಚು ಹಾಕಿಸಿದಾಗ ಅವನಿಗೆ ಇಪ್ಪತ್ತೆಂಟು ವರ್ಷ. ಅದರ ಚಿತ್ರಗಳಲ್ಲಿ ಚರ್ಮ ಸುಲಿದ ಮನುಷ್ಯರು ಬೆಟ್ಟಗುಡ್ಡಗಳ ಮುಂದೆ ಠೀವಿಯಿಂದ ನಿಂತಿದ್ದಾರೆ. ಅವರಲ್ಲೊಬ್ಬನ ಎದೆಯ ಮೇಲೆ ಬೇಕೆಂದೇ ಪ್ರಾಣಿಯ ಉದ್ದನೆಯ ಸ್ನಾಯುವನ್ನು ಬರೆಸಿದ. ಗೇಲನ್ ಎಲ್ಲಿ ಎಡವಿದ ಎಂದು ತೋರಿಸಲು! ಈ ತುಂಟತನಕ್ಕೆ ನಾನು ಮಾರುಹೋಗಿದ್ದೇನೆ.

ಇತ್ತ ನಮ್ಮ ಹಠಯೋಗಿಗಳು ದೇಹ ಕೊಯ್ಯದೆಯೇ ಈ ಎರಡು ಪಟ್ಟಿಗಳನ್ನು ಪತ್ತೆಹಚ್ಚಿದ್ದರು. ಹಠಯೋಗ ಪ್ರದೀಪಿಕೆ ಹೇಳುವ ನೌಲಿ ಎಂಬ ಕ್ರಿಯೆಯನ್ನು ಬಲ್ಲವರು ಮಾಡುವಾಗ ನೋಡಿ: ಹೊಟ್ಟೆ ಒಳಗೆ ಸೇದಿಹೋಗಿ ನಡುವೆ ಎರಡು ಸ್ನಾಯು ಎದ್ದು ನಿಲ್ಲುತ್ತವೆ, ಆಮೇಲೆ ಎಡಕ್ಕೂ ಬಲಕ್ಕೂ ಹೊರಳುತ್ತವೆ.

ಯುರೋಪಿನಲ್ಲಿ ವೆಸೇಲಿಯಸ್ ನಂತರದ ಮುನ್ನೂರು ವರ್ಷ ಈ ಸ್ನಾಯುಗಳಿಗೆ ಹೆಸರಿಡುವುದರಲ್ಲಿ, ಹೆಸರಿಗಾಗಿ ಜಗಳವಾಡುವುದರಲ್ಲಿ ಹೋಯಿತು. ಅದು ಬಿಡಿ. ನಾನು ಹೇಳಬೇಕೆಂದು ಬಂದದ್ದು ಎಡುವಾರ್ಡೊ ಬಾಸ್ಸೀನಿಯ ವಿಷಯ.

1867. ಆಗಷ್ಟೇ ವೈದ್ಯ ಪದವಿ ಪಡೆದಿದ್ದ ಇಟಲಿಯ ಹುಡುಗ. ಆಸ್ಪತ್ರೆ ಬಿಟ್ಟು, ಇಟಲಿಯನ್ನು ಒಂದುಗೂಡಿಸಲು ಹೋರಾಡುತ್ತಿದ್ದ ಗ್ಯಾರಿಬಾಲ್ಡಿಯ ಪಡೆ ಸೇರಿದ. ರೋಮಿನ ಹೊರವಲಯದ ವಿಲ್ಲಾ ಗ್ಲೋರಿಯಲ್ಲಿ ನಡೆದ ಕಾಳಗದಲ್ಲಿ ಶತ್ರುವಿನ ಬಯೊನೆಟ್ ಅವನ ತೊಡೆಸಂದಿಗೆ ಹೊಕ್ಕಿತು. ಸೆರೆಯಾದ. ಗಾಯದ ಬಾಯಿಯಿಂದ ಕರುಳಿನ ಮಲ ಸೋರತೊಡಗಿತು. ಆ ಕಾಲಕ್ಕೆ ಅದು ಹೆಚ್ಚುಕಡಿಮೆ ಸಾವಿನ ಚೀಟಿ. ಆದರೂ ತಿಂಗಳುಗಟ್ಟಲೆ ಮಲಗಿ ಬದುಕಿಕೊಂಡ.

ತೊಡೆಸಂದಿನಲ್ಲೇ ಹೊಟ್ಟೆಗೋಡೆಯ ದುರ್ಬಲ ಜಾಗವಿದೆ. ಕರುಳು ಜಾರಿ ಹರ್ನಿಯಾ ಆಗುವುದು ಹೆಚ್ಚಾಗಿ ಅಲ್ಲೇ. ಆಗಿನ ವೈದ್ಯರು ಹೊಲಿದರೂ ಅದು ಮತ್ತೆ ಮತ್ತೆ ಉಬ್ಬುತ್ತಿತ್ತು, ಬಡವರು ಪಟ್ಟಿ ಬಿಗಿದುಕೊಂಡೇ ಮೂಟೆ ಹೊರುತ್ತಿದ್ದರು. ಪದುವಾದಲ್ಲಿ ಪ್ರಾಧ್ಯಾಪಕನಾದ ಬಾಸ್ಸೀನಿ (ಹೌದು, ವೆಸೇಲಿಯಸ್‌ನ ಅದೇ ಪದುವಾ!) 1884ರಲ್ಲಿ ಬೇರೆ ದಾರಿ ಹಿಡಿದ. ಬಾಯಿಯನ್ನಷ್ಟೇ ಮುಚ್ಚಲಿಲ್ಲ. ಹೊರಪದರವನ್ನು ಸೀಳಿ ಒಳಗಿಳಿದು, ನಡುವಿನ ಓರೆಪದರ, ಅದರಡಿಯ ಅಡ್ಡಪದರ, ಅದಕ್ಕೂ ಕೆಳಗಿನ ಪೊರೆ ಮೂರನ್ನೂ ಒಟ್ಟಿಗೆ ಹಿಡಿದು ತೊಡೆಸಂದಿನ ಗಟ್ಟಿ ನಾರಿಗೆ ಹೊಲಿದ. ಗೋಡೆಯನ್ನು ಹೊಸದಾಗಿ ಕಟ್ಟಿದ ಅನ್ನಿ. 1890ರ ಹೊತ್ತಿಗೆ ಅವನ ಲೆಕ್ಕದಲ್ಲಿ 262 ಶಸ್ತ್ರಚಿಕಿತ್ಸೆಗಳಿದ್ದವು, ಮರುಕಳಿಸಿದ್ದು ಬೆರಳೆಣಿಕೆಯಷ್ಟು. ತಾನು ಇರಿತ ತಿಂದ ಜಾಗವನ್ನೇ ಅವನು ಅಷ್ಟು ಚೆನ್ನಾಗಿ ಕಲಿತದ್ದು ಕಾಕತಾಳೀಯ ಎಂದು ಯಾರಾದರೂ ಹೇಳಲಿ, ನಾನು ನಂಬುವುದಿಲ್ಲ.

ಈಗ ಆ ಜಾಗಕ್ಕೆ ಹೆಚ್ಚಾಗಿ ಪ್ಲಾಸ್ಟಿಕ್ ಬಲೆ ಇಡುತ್ತಾರೆ, ಬಾಸ್ಸೀನಿಯ ಹೆಸರು ಬಹುಮಟ್ಟಿಗೆ ವೈದ್ಯ ವಿದ್ಯಾರ್ಥಿಗಳ ಪರೀಕ್ಷೆಗಷ್ಟೇ ಉಳಿದಿದೆ. ನನಗೆ ಬೇಸರ. ಇನ್ನೂ ಬೇಸರ ಒಳಪದರದ ಬಗ್ಗೆ. ಜಿಮ್ಮಿಗೆ ಹೋಗುವ ಹುಡುಗರಿಗೆ ಮುಂದಿನ ಪಟ್ಟಿಗಳದ್ದೇ ಧ್ಯಾನ. ಕನ್ನಡಿಯಲ್ಲಿ ಕಾಣದ್ದನ್ನು ಕೇಳುವವರಿಲ್ಲ. ಆದರೆ ಆಸ್ಟ್ರೇಲಿಯಾದ ಸಂಶೋಧಕರಾದ ಹಾಡ್ಜಸ್ ಮತ್ತು ರಿಚರ್ಡ್‌ಸನ್ ಕೆಲವರ ಒಳಪದರದೊಳಕ್ಕೆ ಕೂದಲೆಳೆಯಂಥ ತಂತಿ ಇಳಿಸಿ, ತೋಳೆತ್ತಿ ಅಂದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಇದು: ತೋಳಿನ ಸ್ನಾಯು ಎಚ್ಚರಗೊಳ್ಳುವ ಮೊದಲೇ ಹೊಟ್ಟೆಯ ಒಳಪದರ ಬಿಗಿಯಾಗಿರುತ್ತದೆ. ಬೆನ್ನುನೋವಿನವರಲ್ಲಿ ಮಾತ್ರ ಅದು ತಡಮಾಡುತ್ತಿತ್ತು. ಬೆನ್ನು ಹಿಡಿದುಕೊಂಡು ಹೋದವರಿಗೆ ಫಿಸಿಯೊಥೆರಪಿಯವರು ಹೊಕ್ಕುಳ ಕೆಳಗೆ ಮೆಲ್ಲಗೆ ಒಳಕ್ಕೆಳೆಯಿರಿ ಎನ್ನುವುದು ಎಲ್ಲೆಡೆ ಹಬ್ಬಿದ್ದು ಆಮೇಲೆ.