ಬೆಟ್ಟದ ಮಡಿಲಲ್ಲಿ ಕಲಾಮಂದಿರ
(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಈ ಶಾಲೆಗೆ ಚಿತ್ರಕಲಾ ಕೊಠಡಿಯೊಂದನ್ನು ಕಟ್ಟಿಸಿಕೊಡಲು ಹಳೆಯ ವಿದ್ಯಾರ್ಥಿಗಳು ಮುಂದೆ ಬಂದಿರುವುದು ನಮ್ಮ ಭಾಗ್ಯ. ಗೊತ್ತುಮಾಡಿದ ನಿವೇಶನದ ಪಶ್ಚಿಮಕ್ಕೆ ಒಂದು ಹೆಬ್ಬಂಡೆಯಿದೆ. ಅದನ್ನು ಸಿಡಿಸಿ ನೆಲವನ್ನು ಸಮತಟ್ಟು ಮಾಡಬೇಕೆಂಬ ಸಲಹೆ ಬಂದಿದೆ. ನಿರ್ಧಾರಕ್ಕೆ ಮುನ್ನ, ಕಲ್ಲುಗುಡ್ಡಗಳ ನಡುವೆ ಕಲೆಗೆ ನೆಲೆ ಕಟ್ಟಿದವರು ಏನು ಮಾಡಿದರೆಂಬುದನ್ನು ತಮ್ಮ ಮುಂದಿಡಬಯಸುತ್ತೇನೆ.

ನೆರೆಯ ಲೇಪಾಕ್ಷಿಯನ್ನೇ ನೋಡೋಣ. 16ನೆಯ ಶತಮಾನದಲ್ಲಿ, ಅಚ್ಯುತರಾಯನ ಆಳ್ವಿಕೆಯಲ್ಲಿ, ವಿರೂಪಣ್ಣ, ವೀರಣ್ಣ ಸೋದರರು ಕಟ್ಟಿಸಿದ ವೀರಭದ್ರ ದೇವಾಲಯವು ಆಮೆಯ ಬೆನ್ನಿನಂತಿರುವ ಕೂರ್ಮಶೈಲದ ಮೇಲಿದೆ. ಪ್ರಾಕಾರದೊಳಗಿನ ಬಂಡೆಯನ್ನು ಶಿಲ್ಪಿಗಳು ಒಡೆದುಹಾಕಲಿಲ್ಲ. ಅದರಲ್ಲೇ ಏಳು ಹೆಡೆಯ ನಾಗನನ್ನೂ ಲಿಂಗವನ್ನೂ ಕಂಡರಿಸಿದರು. ಅಡುಗೆಯಾಗುವಷ್ಟರಲ್ಲಿ ಕೆತ್ತಿ ಮುಗಿಸಿದರೆಂಬ ಐತಿಹ್ಯವನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿನ ಮಂಟಪಗಳ ಚಾವಣಿಯಲ್ಲಿ ವರ್ಣಚಿತ್ರಗಳಿವೆ; ಶಾಸನಗಳಲ್ಲಿ ನಮ್ಮ ಕನ್ನಡವಿದೆ.

ಇದು ದೇವಾಲಯದ ಮಾತು, ಇಂದಿನ ವಿದ್ಯಾಸಂಸ್ಥೆಗಳಿಗೆ ಸಲ್ಲುವುದೇ ಎಂದು ತಾವು ಕೇಳಬಹುದು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲೆಯ ವಿಭಾಗವಿದೆ. ಬಂಡೆಗುಡ್ಡಗಳ ಆ ಸೀಮೆಯಲ್ಲಿ ಅದರ ಕಲ್ಲಿನ ಕಟ್ಟಡಗಳು ಪರಕೀಯವೆನಿಸುವುದಿಲ್ಲ. ದೂರದ ಅಮೆರಿಕದ ಮೇನ್ ರಾಜ್ಯದಲ್ಲಿ ಹೇಸ್ಟ್ಯಾಕ್ ಎಂಬ ಕರಕುಶಲ ಕಲಾಶಾಲೆಯಿದೆ. ಅದೂ ಕಗ್ಗಲ್ಲಿನ ಇಳಿಜಾರು. 1960ರ ಆಸುಪಾಸಿನಲ್ಲಿ ವಾಸ್ತುಶಿಲ್ಪಿ ಎಡ್ವರ್ಡ್ ಲಾರಬಿ ಬಾರ್ನ್ಸ್ ಅವರು ಬಂಡೆಗೂ ಮರಗಳಿಗೂ ಆದಷ್ಟು ಕಡಿಮೆ ಧಕ್ಕೆಯಾಗುವಂತೆ, ಕಂಬಗಳ ಮೇಲೆ ಮರದ ಜಗಲಿಗಳನ್ನೆತ್ತಿ ಅದನ್ನು ರೂಪಿಸಿದರು.

ಇನ್ನು ಬೆಳಕಿನ ವಿಚಾರ. ಚಿತ್ರ ಬರೆಯುವವರಿಗೆ ದಿನವಿಡೀ ಒಂದೇ ಸಮನಾದ ಬೆಳಕು ಬೇಕು. ಅದಕ್ಕೆ ಉತ್ತರದ ಕಿಟಕಿ ಉತ್ತಮವೆನ್ನುತ್ತಾರೆ. ಆದರೆ ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯನು ತುಸು ಉತ್ತರಕ್ಕೇ ಇರುತ್ತಾನೆ. ಆದ್ದರಿಂದ ಉತ್ತರದ ಕಿಟಕಿಗೂ ಅಗಲವಾದ ಸಜ್ಜಾ ಇರಬೇಕು.

ಬಂಡೆಯನ್ನು ಉಳಿಸಿಕೊಂಡರೆ ಇಳಿಹೊತ್ತಿನ ಬಿಸಿಲಿಗೆ ಅದೇ ತಡೆ. ಗೋಡೆಗೂ ಬಂಡೆಗೂ ನಡುವೆ ಗಾಳಿಯಾಡಲು, ಮಳೆನೀರು ಹರಿದುಹೋಗಲು ಜಾಗ ಬಿಡಬೇಕು. ಕೊಠಡಿ ಕಿರಿದಾಗುವುದು ನಿಜ. ಒಳಗೆ ಹಿಡಿಸದ ಮಕ್ಕಳು ಮಧ್ಯಾಹ್ನದ ಮೇಲೆ ಬಂಡೆಯ ನೆರಳಿನಲ್ಲಿ ಕುಳಿತು ಬರೆಯಲಿ. ಅದರ ಬಿರುಕು, ಬಣ್ಣ, ಉಬ್ಬುತಗ್ಗುಗಳನ್ನೇ ಮೊದಲ ಪಾಠವಾಗಿ ಕಲಿಯಲಿ. ಇಲ್ಲಿ ಕನ್ನಡದಲ್ಲಿ ಓದಿದ ಮಗುವೊಂದು ನಾಳೆ ಹಂಪಿಗೆ ಕಲೆಯನ್ನು ಅಭ್ಯಸಿಸಲು ಹೋದರೆ, ಕಲ್ಲನ್ನು ನೋಡುವ ಕಣ್ಣನ್ನು ನಮ್ಮ ಶಾಲೆಯಿಂದಲೇ ಕೊಂಡೊಯ್ದಿರಬೇಕು.

ಕೊಠಡಿಯನ್ನು ಮುಂದೆಂದಾದರೂ ವಿಸ್ತರಿಸಬಹುದು. ಸಿಡಿಸಿದ ಬಂಡೆಯನ್ನು ಯಾರೂ ಮರಳಿ ತರಲಾರರು. ಕಟ್ಟಡ ಸಮಿತಿಯವರು ನಕ್ಷೆಗೆ ಒಪ್ಪಿಗೆ ನೀಡುವ ಮುನ್ನ ಒಮ್ಮೆ ಲೇಪಾಕ್ಷಿಗೆ ಹೋಗಿ, ಆ ನಾಗನ ಮುಂದೆ ನಿಂತು ಬರಬೇಕೆಂದು ವಿನಂತಿಸುತ್ತೇನೆ.