ಗುಡ್ಡದಲ್ಲಿ ಮನೆ ಕೊಳ್ಳುವ ಮುನ್ನ



ಮಲೆನಾಡಿನಲ್ಲಿ ಮನೆ ಕೊಳ್ಳಬಯಸುವವರು ಸಾಮಾನ್ಯವಾಗಿ ಬೇಸಿಗೆಯಲ್ಲಿ ಬರುತ್ತಾರೆ. ರಸ್ತೆಯಿದೆಯೇ, ಪಹಣಿ ಸರಿಯಿದೆಯೇ, ಭೂಪರಿವರ್ತನೆಯಾಗಿದೆಯೇ ಎಂದು ವಿಚಾರಿಸುತ್ತಾರೆ. ಇವೆಲ್ಲವೂ ಅಗತ್ಯವೇ. ಆದರೆ ಮಳೆಯ ನೀರು ಎಲ್ಲಿ ಹರಿಯುತ್ತದೆಂಬುದನ್ನು ಯಾವ ಪಹಣಿಯೂ ಹೇಳುವುದಿಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಮೊದಲಾದೆಡೆ ಗುಡ್ಡಗಳು ಕುಸಿದವು. ಅತಿವೃಷ್ಟಿಯೊಡನೆ, ಇಳಿಜಾರನ್ನು ಮನಬಂದಂತೆ ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿತು. ಇಳಿಜಾರಿನ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ನೀರು ಕುಡಿದಾಗ ಅದರ ಭಾರ ಹೆಚ್ಚಿ, ಕಣಗಳ ಹಿಡಿತ ಸಡಿಲುತ್ತದೆ.

ಆದುದರಿಂದ ಕೊಳ್ಳುವವರು ಆಷಾಢದ ಮಳೆಯಲ್ಲೊಮ್ಮೆ ಬಂದು ನೋಡಬೇಕು. ಮನೆಯ ಹಿಂದಿನ ಧರೆ ಎಷ್ಟು ಕಡಿದಾಗಿದೆ? ಒರತೆ ಎಲ್ಲಿ ಜಿನುಗುತ್ತದೆ? ಹಳೆಯ ಹಳ್ಳವನ್ನು ಮುಚ್ಚಿ ಸಮತಟ್ಟು ಮಾಡಿದ್ದಾರೆಯೇ? ಗೋಡೆಯಲ್ಲಿ, ನೆಲದಲ್ಲಿ ಹೊಸ ಬಿರುಕುಗಳಿವೆಯೇ?

ಇವನ್ನೆಲ್ಲ ಬಲ್ಲವರು ನಾವು, ಮಾರುವವರೂ ನಾವೇ. ಒಳ್ಳೆಯ ಬೆಲೆ ಬಂದಾಗ ಹಳ್ಳದ ಮಾತನ್ನು ನುಂಗಿಕೊಳ್ಳುತ್ತೇವೆ. ಮೇಲಿನವರು ಕಡಿದ ಧರೆ ಕೆಳಗಿನವರ ಮನೆಯ ಮೇಲೆ ಬೀಳುತ್ತದೆಂಬುದನ್ನು ಮರೆಯಬಾರದು.

ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಈ ಮಳೆಗಾಲದಲ್ಲಿ ಹಿರಿಯರನ್ನು ಕೇಳಿ, ನಿಮ್ಮೂರಿನ ಹಳ್ಳ, ಒರತೆ, ಕಡಿದ ಧರೆಗಳನ್ನು ನಕ್ಷೆಯಲ್ಲಿ ಗುರುತಿಸಿ ಗ್ರಾಮ ಪಂಚಾಯಿತಿಗೆ ಒಪ್ಪಿಸಿ. ಮನೆ ಕೊಳ್ಳುವವರು ಪಹಣಿಯೊಡನೆ ಅದನ್ನೂ ನೋಡುವಂತಾಗಲಿ.