ಮನೆ ಮುಂಬಯಿಯಲ್ಲಿ, ಓಟು ಊರಿನಲ್ಲಿ?

ಮುಂಬಯಿಯಲ್ಲಿ ಇಪ್ಪತ್ತು ವರ್ಷದಿಂದ ಸಂಸಾರ ಮಾಡಿಕೊಂಡಿರುವ ಕನ್ನಡಿಗರನ್ನು "ನಿಮ್ಮ ಓಟು ಎಲ್ಲಿ?" ಎಂದು ಕೇಳಿ ನೋಡಿ. "ಊರಿನಲ್ಲಿದೆ" ಎನ್ನುವವರು ಈಗಲೂ ಇದ್ದಾರೆ. ಊರಿನ ಅಭಿಮಾನ ತಪ್ಪಲ್ಲ. ಆದರೆ ನಿಮ್ಮ ನಲ್ಲಿಯ ನೀರು, ಬೀದಿಯ ಕಸ, ಮಳೆಗಾಲದ ಗಟಾರ ಎಲ್ಲವೂ ಇಲ್ಲಿನ ಮಹಾನಗರಪಾಲಿಕೆಯ ಕೆಲಸ. ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳೂ ಅದರ ಕೈಯಲ್ಲೇ ಇವೆ. ಅವುಗಳ ಬಗ್ಗೆ ನಗರಸೇವಕರ ಹತ್ತಿರ ಮಾತನಾಡಲು ಹೋದಾಗ, ವಾರ್ಡಿನ ಪಟ್ಟಿಯಲ್ಲಿ ಹೆಸರಿದ್ದವರ ಮಾತಿಗೆ ತೂಕ ಹೆಚ್ಚು.

2022ರ ಮಾರ್ಚಿನಿಂದ ಸುಮಾರು ನಾಲ್ಕು ವರ್ಷ ಮುಂಬಯಿ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. 2026ರ ಜನವರಿ 15ರಂದು 227 ವಾರ್ಡುಗಳಿಗೆ ಮತದಾನವಾಯಿತು. ಅದಕ್ಕೆ ಆಧಾರವಾದದ್ದು 2025ರ ಜುಲೈ 1ರ ವಿಧಾನಸಭಾ ಮತದಾರರ ಪಟ್ಟಿ. ಅಂದರೆ, ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ಹೊತ್ತು ಮೀರಿರುತ್ತದೆ.

ಹಾಗಾದರೆ ಈಗ ಏನು ಮಾಡಬೇಕು? 18 ತುಂಬಿದ ಹೊಸ ಮತದಾರರು ಫಾರಂ 6 ಕೊಡಬೇಕು. ಊರಿನಲ್ಲಿ ಹೆಸರಿದ್ದು, ಇಲ್ಲಿಗೆ ಬದಲಾಯಿಸಿಕೊಳ್ಳುವವರಿಗೆ ಫಾರಂ 8. ಜೊತೆಗೆ ಇಲ್ಲಿನ ವಾಸಕ್ಕೆ ಪುರಾವೆ ಬೇಕು. ಮರಾಠಿ ಬರಬೇಕೆಂಬ ನಿಯಮವೇನೂ ಇಲ್ಲ. ಎರಡೂ ಕಡೆ ಹೆಸರು ಇಟ್ಟುಕೊಳ್ಳುವುದು ಮಾತ್ರ ಕಾನೂನಿಗೆ ವಿರುದ್ಧ.

ಇನ್ನೊಂದು ಮಾತು. ಕೈಯಲ್ಲಿ ಗುರುತಿನ ಚೀಟಿ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಸಂದೇಹವಿದ್ದರೆ 1950ಕ್ಕೆ ಫೋನ್ ಮಾಡಿ. ಇವತ್ತೇ ಮನೆಮಂದಿಯ ಹೆಸರೆಲ್ಲ ಒಮ್ಮೆ ನೋಡಿಬಿಡಿ.